ಕೊರಳ ಕೆಳಗಿನ ಆನೆ

ದುರ್ಗಿಗುಡಿಯ ಸೊಸೈಟಿಯಲ್ಲಿ ನನ್ನದು ಮೂಲೆಯ ಮೇಜು.
ಒರೆಗಲ್ಲು, ಆಸಿಡ್ಡಿನ ಮೂರು ಸೀಸೆ,
ಉಸಿರು ತಾಗಿದರೂ ನಡುಗುವ ತಕ್ಕಡಿ.
ಅದಕ್ಕಾಗಿ ಏಪ್ರಿಲಿನಲ್ಲೂ ಫ್ಯಾನು ಹಾಕುವಂತಿಲ್ಲ.
ಸಾಲಕ್ಕೆ ಬಂದವರ ಮುಖ ನೋಡಬೇಡ,
ಚಿನ್ನದ ಬೆನ್ನು ನೋಡು, ಅಂದಿದ್ದ ಅಪ್ಪ.
ಇಪ್ಪತ್ತಾರು ವರ್ಷ ಬೆನ್ನನ್ನೇ ನೋಡಿದ್ದೇನೆ.

ಖುದ್ದೂಸ್ ಸಾಬರು ಬಂದದ್ದು ಸೋಮವಾರ.
ಸಕ್ರೆಬೈಲಿನ ಮಾವುತರು; ಅಂಗಿಯಲ್ಲಿ
ಹಸಿಸೊಪ್ಪಿನ, ಲದ್ದಿಯ, ಬೆಲ್ಲದ ವಾಸನೆ.
ಜೊತೆಗೆ ಮಗಳು ಶಾಯಿಸ್ತಾ, ಏಳನೇ ಕ್ಲಾಸು.
ಕರ್ಚೀಫಿನ ಗಂಟು ಬಿಚ್ಚಲು ಹಲ್ಲೇ ಬೇಕಾಯಿತು.
ಒಳಗೆ ಕಪ್ಪು ದಾರ, ದಾರದಲ್ಲಿ
ಅವರ ಮುತ್ತಜ್ಜಿಯ ಕೊರಳಿನದು,
ಒಂದು ಗಿನ್ನಿ.

ಹದಿನೇಳುನೂರ ಎಂಟು.
ಭೂತಗನ್ನಡಿಯಲ್ಲಿ ಇಸವಿ ಕಂಡು ಕೈ ತುಸು ತಣ್ಣಗಾಯಿತು.
ಹೆರಳು ಎತ್ತಿ ಕಟ್ಟಿದ ರಾಣಿ, ಒಂದೇ ಮಗ್ಗುಲಿನ ಮುಖ,
ಎಷ್ಟು ಎದೆಗಳಿಗೆ ಉಜ್ಜಿತೋ, ಕೆನ್ನೆ ಸವೆದಿದೆ.
ಅಂಚಿನ ಅಕ್ಷರ ಹುಡುಗಿ ಬೆರಳಿಟ್ಟು ಓದಿದಳು:
ಎ, ಎನ್, ಎನ್, ಎ.
"ಅಣ್ಣ!"
"ಅಣ್ಣ ಅಲ್ಲವೇ, ಅನ್ನ," ಎಂದರು ಸಾಬರು,
"ಯಾರೋ ಮೇಷ್ಟ್ರು ಮುತ್ತಜ್ಜಿಗೆ ಓದಿ ಹೇಳಿದ್ರಂತೆ.
ಅನ್ನದ ನಾಣ್ಯ, ಹಸಿವಾದಾಗ ಮಾತ್ರ ಬಿಚ್ಚಬೇಕು."
ಅದು ರಾಣಿಯ ಹೆಸರೆಂದು ನನಗೆ ಗೊತ್ತಿತ್ತು.
ತಿದ್ದಲಿಲ್ಲ.

ಕಲ್ಲಿಗೆ ಎಳೆದೆ. ಹಳದಿ ಗೆರೆ, ತುಸು ಕೆಂಪು.
ಇಪ್ಪತ್ತೆರಡು, ಅಂದಿತು ಕಲ್ಲು.
ಗಿನಿ ಎಂಬ ಕರಾವಳಿಯಲ್ಲಿ ಯಾರು ಹೊಳೆಮರಳು ಜಾಲಿಸಿದರು,
ಅವರ ಮಕ್ಕಳನ್ನು ಯಾರು ಯಾವ ಹಡಗಿಗೆ ಹತ್ತಿಸಿದರು,
ಅದನ್ನು ಹೇಳುವ ಆಸಿಡ್ಡು ನನ್ನ ಬಳಿಯಿಲ್ಲ.
ಮೆಣಸಿನ ಮೂಟೆಗೆ ಬದಲಾಗಿ ಹೊನ್ನಾವರದಲ್ಲಿ ಇಳಿಯಿತೋ,
ನಾಟಾ ಎಳೆಸಿದ ದೊರೆ ಅಮಲಿನಲ್ಲಿ ಎಸೆದನೋ,
ಸಾಬರ ಮನೆಯಲ್ಲಿ ಎರಡು ಕತೆ.
ತೂಗಿದರೆ ಎರಡೂ ಒಂದೇ.

ಆಗ ಕಂಡಿತು, ರಾಣಿಯ ಕೊರಳು ಕತ್ತರಿಸಿದ ಜಾಗದ ಕೆಳಗೆ
ಎಳ್ಳಿಗಿಂತ ಚೂರೇ ದೊಡ್ಡದು:
ಆನೆ. ಬೆನ್ನ ಮೇಲೆ ಅಂಬಾರಿಯಂಥ ಕೋಟೆ.
ಭೂತಗನ್ನಡಿ ಸಾಬರ ಕೈಗೆ ಕೊಟ್ಟೆ.
ಟೋಕನ್ ಕೂಗುವ ಸದ್ದಿನ ನಡುವೆ
ಬಹಳ ಹೊತ್ತು ನೋಡಿದರು.
ನಾನು ಯಾವ ಚಿನ್ನವನ್ನೂ ಹಾಗೆ ನೋಡಿಲ್ಲ.
"ಶೇಟ್ರೇ, ಇದನ್ನ ಕೆತ್ತಿದವ ಆನೆ ಕಂಡವನಲ್ಲ.
ಮೊಣಕಾಲು ನಾಯಿದು. ಬಾಲ ಹಸುದು.
ಇಷ್ಟು ದೊಡ್ಡ ಗೋಡೆ ಹೊರಿಸಿದ್ದಾನೆ,
ಹೊಟ್ಟೆಗೆ ಹಗ್ಗ ಎಲ್ಲಿ?
ಮಾವುತ ಎಲ್ಲಿ?"
ಆಮೇಲೆ ಮೆಲ್ಲಗೆ,
"ಪಾಪ, ಮುನ್ನೂರು ವರ್ಷ
ಯಾರೂ ಅದರ ಹೊರೆ ಇಳಿಸಿಲ್ಲ."

ನಾಣ್ಯದ ಮೇಲೆ ಸಾಲ ಕೊಡುವಂತಿಲ್ಲ, ಸುತ್ತೋಲೆ ಇದೆ.
ಆದರೆ ಯಾವನೋ ಅವಸರದ ಅಕ್ಕಸಾಲಿ
ರಾಣಿಯ ನೆತ್ತಿಗೆ ಕೊಂಡಿ ಕೂರಿಸಿದ್ದ,
ತಾಮ್ರ ಹೆಚ್ಚಾದ ಬೆಸುಗೆ, ಉರುಟು ಕೆಲಸ.
ಅಪ್ಪನಾಗಿದ್ದರೆ ಕೈಮೇಲೆ ಹೊಡೆಯುತ್ತಿದ್ದ.
ಹಳೇ ನಾಣ್ಯ ಕೊಳ್ಳುವವರು ಈ ಕೊಂಡಿ ಕಂಡರೆ
ಮೂಗು ಮುರಿದು ಬೆಲೆ ಅರ್ಧಕ್ಕಿಳಿಸುತ್ತಾರೆ.
ನನಗೆ ಹಿಡಿಯಲು ಸಿಕ್ಕಿದ್ದು ಅದೇ:
ಕೊಂಡಿ ಉಂಟು, ಆದ್ದರಿಂದ ಆಭರಣ.
ಉದ್ದೇಶ: ಕೃಷಿ. ಎಲ್ಲರದೂ ಕೃಷಿಯೇ, ಬಡ್ಡಿ ಕಡಿಮೆ.
ಅಂಗೈಯಗಲ ನೆಲವಿಲ್ಲದ ಸಾಬರು
ಗಂಭೀರವಾಗಿ ಸಹಿ ಹಾಕಿದರು.
ವಿವರ: ಹಳೆಯ ಪದಕ, ಒಂದು.

ದಾರಕ್ಕೆ ತೂಕ ಹಿಡಿಯುವುದಿಲ್ಲ. ಬಿಚ್ಚಿ ಹುಡುಗಿಗೆ ಕೊಟ್ಟೆ.
ಬರಿದಾರವನ್ನೇ ಮುಂಗೈಗೆ ಸುತ್ತಿಕೊಂಡಳು.
"ಮಾರಬೇಡಿ," ಅಂದೆ, ನನ್ನ ಕೆಲಸಕ್ಕೆ ಸೇರದ ಮಾತು.
ಸಾಬರು ಆಗಲೇ ಗಡಿಯಾರ ನೋಡುತ್ತಿದ್ದರು;
ಹೊಳೆಗೆ ಇಳಿಸುವ ಹೊತ್ತಾಯಿತಂತೆ, ರಂಭೆ
ಬೇರೆಯವರ ಕೈಯಲ್ಲಿ ಮೈ ಉಜ್ಜಿಸಿಕೊಳ್ಳುವುದಿಲ್ಲ.

ಲಕೋಟೆಗೆ ಅರಗು ಹಾಕಿದೆ. ಲಾಕರಿನಲ್ಲಿ ಇಡುವಾಗ
ಅದನ್ನು ಒಂದಿಷ್ಟು ಓರೆ ಮಾಡಿ ಒರಗಿಸಿದೆ,
ಒಳಗಿನ ಆನೆ ಮಗ್ಗುಲಾಗಲಿ ಎಂದು,
ತುಂಗೆಯ ಹಿನ್ನೀರಿನಲ್ಲಿ
ಸ್ನಾನಕ್ಕೆ ಮಲಗಿದ ಹಾಗೆ.